ಹೋಲಿ ಅಪೋಸಲ್ಸ್ ದೇವಾಲಯದ ಆರಾಧನೆ ಮತ್ತು ಊಟದ ಮೇಜು: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಒಂಬತ್ತನೇ ಅವೆನ್ಯೂ ಮತ್ತು 28ನೇ ಬೀದಿ ಸೇರುವ ಮೂಲೆಯಲ್ಲಿ ಒಂದು ಹಳೇ ಇಟ್ಟಿಗೆ ಕಟ್ಟಡವಿದೆ. ಅದೇ ಚರ್ಚ್ ಆಫ್ ದ ಹೋಲಿ ಅಪೋಸಲ್ಸ್. ಎಪಿಸ್ಕೋಪಲ್ ಸಭೆ ಅನ್ನುವ ಕ್ರೈಸ್ತ ಪಂಗಡಕ್ಕೆ ಸೇರಿದ ದೇವಾಲಯ.

ನಾನು ಬೆಳೆದದ್ದು ಬೆಂಗಳೂರಿನ ಕನ್ನಡ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಈಗ ಇರುವುದು ನ್ಯೂಜೆರ್ಸಿಯಲ್ಲಿ. ರೈಲಿನಲ್ಲಿ ಪೆನ್ ಸ್ಟೇಷನ್‌ಗೆ ಬಂದು ಈ ದೇವಾಲಯಕ್ಕೆ ನಡೆದುಕೊಂಡು ಹೋಗುತ್ತೇನೆ. ಊರಿಂದ ಬಂದ ನೆಂಟರು, ಕನ್ನಡ ಸಂಘದಲ್ಲಿ ಸಿಗುವವರು, ಹೊಸದಾಗಿ ಬಂದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಕೂತಿದ್ದೇನೆ.

ಎಪಿಸ್ಕೋಪಲ್ ಅಂದರೆ ಏನು? ಕ್ಯಾಥೊಲಿಕ್ಕಾ, ಪ್ರಾಟೆಸ್ಟೆಂಟಾ?

ಬಿಷಪ್, ಅಂದರೆ ಹಲವು ದೇವಾಲಯಗಳನ್ನು ನೋಡಿಕೊಳ್ಳುವ ಹಿರಿಯ ಗುರು, ಇರುವ ಸಭೆ ಅಂತ ಆ ಪದದ ಅರ್ಥ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು ಇದು. ಅಮೆರಿಕ ಸ್ವತಂತ್ರವಾದ ಮೇಲೆ ಇಲ್ಲಿನ ಆಂಗ್ಲಿಕನ್ನರಿಗೆ ಒಂದು ತೊಡಕಾಯಿತು. ಇಂಗ್ಲೆಂಡಿನಲ್ಲಿ ಬಿಷಪ್ ಆಗಬೇಕಾದರೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಆ ರಾಜನ ವಿರುದ್ಧವೇ ಹೋರಾಡಿ ಗೆದ್ದವರು ಹಾಗೆ ಹೇಗೆ ಮಾಡುತ್ತಾರೆ? ಅದಕ್ಕೇ ಸ್ಯಾಮ್ಯುಯೆಲ್ ಸೀಬರಿ ಅನ್ನುವವರು ಸ್ಕಾಟ್ಲೆಂಡಿಗೆ ಹೋಗಿ 1784ರಲ್ಲಿ ಅಲ್ಲಿ ಬಿಷಪ್ ಅಭಿಷೇಕ ಪಡೆದು ಬಂದರು. 1789ರ ಹೊತ್ತಿಗೆ ಇಲ್ಲಿನ ಸಭೆ ತನ್ನದೇ ಸಂವಿಧಾನ, ತನ್ನದೇ ಪ್ರಾರ್ಥನಾ ಪುಸ್ತಕ ಮಾಡಿಕೊಂಡಿತು.

ಒಳಗೆ ಹೋಗಿ ನೋಡಿದರೆ ನಿಲುವಂಗಿ, ಮೇಣದ ಬತ್ತಿ, ವಾರವಾರವೂ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು). ಕ್ಯಾಥೊಲಿಕ್ ಅನ್ನಿಸುತ್ತದೆ. ಆದರೆ ಪೋಪ್ ಇಲ್ಲ, ಗುರುಗಳು ಮದುವೆಯಾಗಬಹುದು, ಬಿಷಪ್ಪರನ್ನು ಆರಿಸುವಾಗ ಜನರಿಗೂ ಮತ ಇದೆ. ಎರಡರ ನಡುವಿನ ದಾರಿ ಅಂತ ಅವರೇ ಹೇಳಿಕೊಳ್ಳುತ್ತಾರೆ.

ನಾನು ಸಿ.ಎಸ್.ಐ. ಸಭೆಯವನು. ಅಲ್ಲಿ ಕರ್ತನ ಭೋಜನ ತೆಗೆದುಕೊಳ್ಳಬಹುದಾ?

ಧಾರಾಳವಾಗಿ. ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಷನಲ್ ಸಭೆಗಳೆಲ್ಲ ಸೇರಿ ಒಂದಾದ ದಿನ ಅದು. ಈಗ ಸಿ.ಎಸ್.ಐ. ಮತ್ತು ಎಪಿಸ್ಕೋಪಲ್ ಸಭೆ ಎರಡೂ ಆಂಗ್ಲಿಕನ್ ಕಮ್ಯೂನಿಯನ್ ಬಳಗದವೇ. ಪತ್ರ, ಪರವಾನಗಿ ಏನೂ ಬೇಡ.

ಒಂದು ವ್ಯತ್ಯಾಸ ನಮ್ಮವರಿಗೆ ಥಟ್ಟನೆ ಕಾಣುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ದೃಢೀಕರಣ, ಅಂದರೆ ಬೆಳೆದ ಮೇಲೆ ತಾವೇ ನಂಬಿಕೆಯನ್ನು ಒಪ್ಪಿಕೊಳ್ಳುವ ವಿಧಿ, ಆದ ಮೇಲೆ ತಾನೇ ಮೊದಲ ಭೋಜನ? ಇಲ್ಲಿ ಹಾಗಿಲ್ಲ. ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ) ಆಗಿದ್ದರೆ ಸಾಕು. ಐದು ವರ್ಷದ ಮಗು ಅಂಗೈ ಚಾಚಿ ರೊಟ್ಟಿ ತೆಗೆದುಕೊಳ್ಳುವುದನ್ನು ಮೊದಲ ಸಲ ನೋಡಿದಾಗ ನನಗೆ ಗಾಬರಿಯಾಗಿತ್ತು. ಈಗ ಅದೇ ಸರಿ ಅನ್ನಿಸುತ್ತದೆ. ಮನೆಯಲ್ಲಿ ಊಟಕ್ಕೆ ಕೂತಾಗ ಮಗುವಿಗೆ ಮೊದಲು ಬಡಿಸುತ್ತೇವೆ, ಅಲ್ವಾ?

ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆ?

ಸಿ.ಎಸ್.ಐ. ಆರಾಧನೆ ಗೊತ್ತಿದ್ದರೆ ಮುಕ್ಕಾಲು ಪಾಲು ಗೊತ್ತಿದ್ದ ಹಾಗೇ. ಹಾಡಿನೊಂದಿಗೆ ಮೆರವಣಿಗೆ ಒಳಗೆ ಬರುತ್ತದೆ, ಮುಂದೆ ಶಿಲುಬೆ ಹಿಡಿದವರು. ಬೈಬಲ್ಲಿನ ಹಳೇ ಒಡಂಬಡಿಕೆಯಿಂದ ಒಂದು ಪಾಠ, ಕೀರ್ತನೆ, ಹೊಸ ಒಡಂಬಡಿಕೆಯ ಪತ್ರಗಳಿಂದ ಒಂದು ಪಾಠ. ಆಮೇಲೆ ಎಲ್ಲರೂ ಎದ್ದು ನಿಂತು ಸುವಾರ್ತೆ ಕೇಳುತ್ತಾರೆ. ಪ್ರಸಂಗ, ಅಂದರೆ ಗುರುಗಳ ಉಪದೇಶ. ವಿಶ್ವಾಸ ಪ್ರಮಾಣ. ಲೋಕಕ್ಕಾಗಿ, ಕಾಯಿಲೆಯವರಿಗಾಗಿ, ತೀರಿಕೊಂಡವರಿಗಾಗಿ ಪ್ರಾರ್ಥನೆ. ಪಾಪದ ಅರಿಕೆ, ಕ್ಷಮೆಯ ಮಾತು.

ಅದಾದ ಮೇಲೆ ಸಮಾಧಾನ ಹಂಚಿಕೊಳ್ಳುವುದು. ಈ ಜಾಗದಲ್ಲಿ ನಾನು ಸ್ವಲ್ಪ ನಿಲ್ಲಬೇಕು. 1950ರಲ್ಲಿ ಸಿ.ಎಸ್.ಐ. ತನ್ನ ಹೊಸ ಭೋಜನದ ಕ್ರಮವನ್ನು ಸಿದ್ಧ ಮಾಡಿದಾಗ, ಬಹುಕಾಲದಿಂದ ಬಿಟ್ಟುಹೋಗಿದ್ದ ಒಂದು ಪದ್ಧತಿಯನ್ನು ಮತ್ತೆ ಜನರ ಕೈಗೆ ಕೊಟ್ಟಿತು. ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಅಂಗೈ ಇಟ್ಟು, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ಆ ಕ್ರಮವನ್ನು ಲೋಕದ ಬೇರೆ ಬೇರೆ ಸಭೆಗಳು ಗಮನವಿಟ್ಟು ಓದಿದವು. ಮುಂದೆ ತಮ್ಮ ಪುಸ್ತಕ ತಿದ್ದುವಾಗ ಅದರಿಂದ ಕಲಿತವು. ಇವತ್ತು ಮ್ಯಾನ್‌ಹಟನ್‌ನಲ್ಲಿ ಪಕ್ಕದವರು ಎದ್ದು ನಿಮ್ಮ ಕೈ ಹಿಡಿದು ‘ಪೀಸ್’ ಅನ್ನುತ್ತಾರಲ್ಲ, ಅದರ ಹಿಂದೆ ದಕ್ಷಿಣ ಭಾರತದ ಕೈಯೂ ಇದೆ. ನಮ್ಮ ಮನೆಯ ಪಾತ್ರೆಯನ್ನು ದೂರದ ನೆಂಟರ ಮನೆಯಲ್ಲಿ ಕಂಡ ಹಾಗೆ ಆಗುತ್ತದೆ ನನಗೆ.

ಆಮೇಲೆ ಕಾಣಿಕೆ, ಸ್ತೋತ್ರ ಪ್ರಾರ್ಥನೆ, ಕರ್ತನ ಪ್ರಾರ್ಥನೆ, ರೊಟ್ಟಿ ಮುರಿಯುವುದು. ಬಲ ಅಂಗೈಯನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಮುಂದೆ ಹೋಗಿ. ರೊಟ್ಟಿಯನ್ನು ಅಂಗೈಯಲ್ಲಿ ಇಡುತ್ತಾರೆ. ಪಾತ್ರೆಯಿಂದ ಒಂದು ಗುಟುಕು ಕುಡಿಯಬಹುದು. ದ್ರಾಕ್ಷಾರಸ ಬೇಡದಿದ್ದರೆ ರೊಟ್ಟಿ ಮಾತ್ರ ತೆಗೆದುಕೊಂಡರೂ ಅದು ಪೂರ್ತಿ ಭೋಜನವೇ. ಯಾರೂ ಹುಬ್ಬೇರಿಸುವುದಿಲ್ಲ.

ಪ್ರಾರ್ಥನಾ ಪುಸ್ತಕದಲ್ಲಿ ಈಗ ಎಲ್ಲಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ?

ಬುಕ್ ಆಫ್ ಕಾಮನ್ ಪ್ರೇಯರ್ ಅನ್ನುವ ಪುಸ್ತಕ ಬಳಸುತ್ತಾರೆ. ಈಗಿರುವುದು 1979ರದ್ದು. ಅದರಲ್ಲಿ ಹಳೇ ಇಂಗ್ಲಿಷಿನ ಒಂದು ಕ್ರಮ, ಈಗಿನ ಇಂಗ್ಲಿಷಿನ ಒಂದು ಕ್ರಮ ಎರಡೂ ಇವೆ. ಪುಟ ತಿರುವಿ ಸುಸ್ತಾಗುವುದು ಬೇಡ. ಎಪಿಸ್ಕೋಪಲ್ ದೇವಾಲಯಗಳಲ್ಲಿ ಸಾಮಾನ್ಯವಾಗಿ ಬಾಗಿಲಲ್ಲೇ ಆ ದಿನದ ಕ್ರಮ ಅಚ್ಚಾದ ಹಾಳೆ ಕೊಡುತ್ತಾರೆ. ನಿಲ್ಲಬೇಕಾದಾಗ ಮುಂದಿನ ಸಾಲಿನವರನ್ನು ನೋಡಿ ನಿಲ್ಲಿ. ಮಂಡಿ ನೋವಿದ್ದರೆ ಕೂತೇ ಇರಿ.

ನಾವು ಕ್ರೈಸ್ತರಲ್ಲ. ಸುಮ್ನೆ ನೋಡಲು ಬರಬಹುದಾ?

ಬನ್ನಿ. ಹಿಂದೆ ಕೂತು ಹಾಡು ಕೇಳಿ ಹೋದರೂ ಸರಿ. ಭೋಜನದ ಹೊತ್ತಿಗೆ ಎಲ್ಲರೂ ಎದ್ದಾಗ ನೀವೂ ಹೋಗಬೇಕು ಅಂತಿಲ್ಲ. ಹೋಗುವ ಮನಸ್ಸಾದರೆ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ರೊಟ್ಟಿ ಕೊಡುವ ಬದಲು ಒಂದು ಆಶೀರ್ವಾದದ ಮಾತು ಹೇಳುತ್ತಾರೆ. ಹೆಸರು, ಫೋನ್ ನಂಬರ್ ಬರೆಯಲು ಚೀಟಿ ಇರಬಹುದು, ಬರೆಯಲೇಬೇಕಿಲ್ಲ.

ಬೇರೆ ಧರ್ಮದವರು ಈ ಕಟ್ಟಡಕ್ಕೆ ಹೊಸಬರೂ ಅಲ್ಲ. ಬೇತ್ ಸಿಮ್ಖಾತ್ ತೋರಾ ಅನ್ನುವ ಯಹೂದಿ ಸಭೆ 1973ರಲ್ಲಿ ಹುಟ್ಟಿದ್ದು ಇದೇ ದೇವಾಲಯದ ಜಾಗದಲ್ಲಿ. ಆಗ ಸಲಿಂಗಿ ಯಹೂದಿಗಳಿಗೆ ತಮ್ಮನ್ನು ಮುಚ್ಚಿಡದೆ ಪ್ರಾರ್ಥನೆ ಮಾಡಲು ಜಾಗ ಸಿಗುವುದು ಕಷ್ಟವಿತ್ತು. ಮುಂದೆಯೂ ಎಷ್ಟೋ ವರ್ಷ ಅವರ ಶುಕ್ರವಾರ ಸಂಜೆಯ ಪ್ರಾರ್ಥನೆ ಇಲ್ಲೇ ನಡೆಯಿತು. 2016ರಲ್ಲಿ ಅವರು ಹತ್ತಿರದಲ್ಲೇ ಸ್ವಂತ ಕಟ್ಟಡಕ್ಕೆ ಹೋದರು.

ಬಟ್ಟೆ? ಕಾಣಿಕೆ? ಚಪ್ಪಲಿ?

ಸೀರೆಯೂ ಸರಿ, ಜೀನ್ಸೂ ಸರಿ. ಚಪ್ಪಲಿ ಬಿಡುವುದಿಲ್ಲ. ಕಾಣಿಕೆ ತಟ್ಟೆ ಬಂದಾಗ ಹಾಕದೆ ಪಕ್ಕಕ್ಕೆ ದಾಟಿಸಿದರೆ ತಪ್ಪಲ್ಲ.

ದೇವಾಲಯದ ಒಳಗೆ ಊಟ ಹಾಕುತ್ತಾರಂತೆ, ನಿಜಾನಾ?

ನಿಜ. ನಾನು ಈ ಪುಟ ಬರೆಯಲು ಮುಖ್ಯ ಕಾರಣವೇ ಇದು.

1982ರ ಅಕ್ಟೋಬರ್‌ನಲ್ಲಿ ಇಲ್ಲಿ ಸೂಪ್ ಕಿಚನ್ ಶುರುವಾಯಿತು. ಹೆಸರು ಸೂಪ್ ಅಂತ ಇದ್ದರೂ ಕೊಡುವುದು ಪೂರ್ತಿ ಬಿಸಿ ಊಟ. ಆ ಕಾಲದಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಮನೆಯಿಲ್ಲದವರ ಸಂಖ್ಯೆ ಕಣ್ಣಿಗೆ ಹೊಡೆಯುವ ಹಾಗೆ ಏರಿತ್ತು. ಕಡಿಮೆ ಬಾಡಿಗೆಯ ಕೋಣೆಗಳು ಮುಚ್ಚಿಹೋಗಿದ್ದವು. ಮಾನಸಿಕ ಆಸ್ಪತ್ರೆಗಳಿಂದ ಹೊರಗೆ ಬಂದವರಿಗೆ ಹೋಗಲು ಜಾಗವಿರಲಿಲ್ಲ. ಸಭೆಯೂ ಆಗ ಚಿಕ್ಕದು, ದುಡ್ಡೂ ಇರಲಿಲ್ಲ. ಮೊದಲ ದಿನ ಊಟಕ್ಕೆ ಬಂದವರು ಸುಮಾರು 35 ಮಂದಿ. ಆಮೇಲೆ ಅದು ದಿನಕ್ಕೆ ಸಾವಿರ ಊಟದ ಮಟ್ಟಕ್ಕೆ ಬೆಳೆಯಿತು. ಸೋಮವಾರದಿಂದ ಶುಕ್ರವಾರದವರೆಗೆ, ವಾರಕ್ಕೆ ಐದು ದಿನ.

ಮೊದಮೊದಲು ಊಟ ನಡೆಯುತ್ತಿದ್ದದ್ದು ಪಕ್ಕದ ಕಟ್ಟಡದಲ್ಲಿ. 1990ರ ಏಪ್ರಿಲ್‌ನಲ್ಲಿ ದೇವಾಲಯಕ್ಕೆ ಬೆಂಕಿ ಬಿತ್ತು. ಚಾವಣಿ ಸುಟ್ಟು ಕುಸಿಯಿತು, 19ನೇ ಶತಮಾನದ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕೆಲವು ಹಾಳಾದವು. ಮರುದಿನ ಮಧ್ಯಾಹ್ನ ಊಟ ನಿಂತಿತಾ? ಇಲ್ಲ. ಇದ್ದದ್ದನ್ನೇ ಬಡಿಸಿದರು. ಚಾವಣಿ ಇಲ್ಲದಿದ್ದರೂ ಸಾಲು ಇತ್ತು, ಸಾಲಿನಲ್ಲಿದ್ದವರಿಗೆ ಹಸಿವಿತ್ತು.

ಕಟ್ಟಡವನ್ನು ಮತ್ತೆ ಕಟ್ಟಿ ಮುಗಿಸಲು 1994 ಆಯಿತು. ಆಗ ಸಭೆಯವರು ಒಂದು ತೀರ್ಮಾನ ಮಾಡಿದರು. ಉದ್ದ ಬೆಂಚುಗಳನ್ನು ವಾಪಸ್ ಹಾಕಲಿಲ್ಲ. ನೆಲ ಬರಿದಾಗಿಯೇ ಇರಲಿ, ಭಾನುವಾರ ಕುರ್ಚಿ ಹಾಕೋಣ, ವಾರದ ದಿನ ಊಟದ ಮೇಜು ಹಾಕೋಣ ಅಂದರು. ಅಲ್ಲಿಂದ ಮುಂದೆ ಊಟ ದೇವಾಲಯದ ನಡುಮನೆಗೇ ಬಂತು. ಕರ್ತನ ಮೇಜು ಇರುವ ಅದೇ ಕೋಣೆ, ಅದೇ ಕಿಟಕಿಯ ಬೆಳಕು. ಭಾನುವಾರ ನಾನು ಅಂಗೈ ಚಾಚಿದ ಜಾಗದಲ್ಲೇ ಸೋಮವಾರ ಯಾರೋ ತಟ್ಟೆ ಇಟ್ಟುಕೊಂಡು ಅನ್ನ, ಬೀನ್ಸ್ ತಿನ್ನುತ್ತಿರುತ್ತಾರೆ.

ನಮಗೆ ದಾಸೋಹ ಅಂದರೆ ಬೇಗ ಅರ್ಥವಾಗುತ್ತದೆ. ಸಿದ್ಧಗಂಗೆ, ಧರ್ಮಸ್ಥಳದ ಪಂಕ್ತಿ ಕಂಡವರು ನಾವು. ಆದರೆ ಪ್ರಾರ್ಥನೆಯ ಕೋಣೆಯನ್ನೇ ಊಟದ ಕೋಣೆ ಮಾಡಿದ್ದನ್ನು ನಾನು ಮೊದಲು ನೋಡಿದ್ದು ಇಲ್ಲಿ. 2020ರಲ್ಲಿ ಕೋವಿಡ್ ಬಂದಾಗ ಒಳಗೆ ಕೂರಿಸಲು ಆಗಲಿಲ್ಲ. ಆಗ ಪೊಟ್ಟಣ ಕಟ್ಟಿ ಬಾಗಿಲ ಹೊರಗೆ ಕೊಟ್ಟರು.

ಊಟಕ್ಕೆ ಬರುವವರು ಏನು ತೋರಿಸಬೇಕು? ಪ್ರಸಂಗ ಕೇಳಬೇಕಾ?

ಏನೂ ತೋರಿಸಬೇಕಿಲ್ಲ. ಹೆಸರು ಕೇಳುವುದಿಲ್ಲ, ವೀಸಾ ಕೇಳುವುದಿಲ್ಲ, ಯಾಕೆ ಬಂದೆ ಅಂತ ಕೇಳುವುದಿಲ್ಲ. ಪ್ರಸಂಗವೂ ಇಲ್ಲ. ಊಟಕ್ಕೆ ಬಂದವರನ್ನು ಇಲ್ಲಿ ‘ಗೆಸ್ಟ್’ ಅಂತಲೇ ಕರೆಯುತ್ತಾರೆ. ಅತಿಥಿಗಳು.

ಬರುವವರೆಲ್ಲ ಬೀದಿಯಲ್ಲಿ ಮಲಗುವವರು ಅಂದುಕೊಳ್ಳಬೇಡಿ. ಮನೆ ಇದ್ದು, ಬಾಡಿಗೆ ಕೊಟ್ಟ ಮೇಲೆ ಅಡುಗೆಗೆ ದುಡ್ಡು ಉಳಿಯದವರು ಇದ್ದಾರೆ. ಒಂಟಿ ಮುದುಕರು ಇದ್ದಾರೆ, ಮಾತಿಗೆ ಜನ ಸಿಗುತ್ತಾರೆ ಅಂತ ಬರುತ್ತಾರೆ. ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ: ನಮ್ಮ ಕಡೆಯ ವಿದ್ಯಾರ್ಥಿಗಳಿಗೂ ಕೆಲಸ ಸಿಗದೆ, ದುಡ್ಡು ಮುಗಿದು ಕಷ್ಟದ ತಿಂಗಳು ಬರುತ್ತದೆ. ಅಂಥ ಹೊತ್ತಲ್ಲಿ ಮರ್ಯಾದೆಗೆ ಅಂಜಿ ಹಸಿದುಕೊಂಡು ಇರಬೇಡಿ. ಆ ಮೇಜು ನಿಮಗೂ ಇದೆ.

ಊಟದ ಜೊತೆಗೆ ಬೇರೆ ನೆರವೂ ಉಂಟು. ಮಲಗಲು ಜಾಗ, ಸರ್ಕಾರದ ಸವಲತ್ತು, ಚಿಕಿತ್ಸೆ ಎಲ್ಲಿ ಸಿಗುತ್ತದೆ ಅಂತ ಕೂತು ಮಾತಾಡಿ ದಾರಿ ಹೇಳುವವರು ಇರುತ್ತಾರೆ. ಅತಿಥಿಗಳಿಗಾಗಿ ಒಂದು ಬರವಣಿಗೆ ಶಿಬಿರವೂ ವರ್ಷಗಟ್ಟಲೆ ನಡೆದಿದೆ. ಊಟ ಮುಗಿಸಿದವರು ಪೆನ್ನು ಹಿಡಿದು ತಮ್ಮ ಕಥೆ ಬರೆದಿದ್ದಾರೆ. ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ಹೇಳಿಕೊಳ್ಳುವುದು ಬಹಳ ಇರುತ್ತದೆ, ಅದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

ಬಡಿಸಲು ಹೋಗಬಹುದಾ? ಏನು ಕೆಲಸ ಕೊಡುತ್ತಾರೆ?

ಹೋಗಬಹುದು. ಮೊದಲೇ ಹೆಸರು ನೋಂದಾಯಿಸಿಕೊಳ್ಳಿ. ನೀವು ಯಾವ ಧರ್ಮದವರು ಅನ್ನುವುದು ಮುಖ್ಯವಲ್ಲ. ಬೆಳಗಿನ ಪಾಳಿ, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಮುಚ್ಚಿದ ಬೂಟು ಹಾಕಿಕೊಂಡು ಹೋಗಿ. ಕೈಗವಸು, ಏಪ್ರನ್ ಅಲ್ಲೇ ಕೊಡುತ್ತಾರೆ.

ನನಗೆ ಮೊದಲ ದಿನ ಸಿಕ್ಕಿದ್ದು ಬ್ರೆಡ್ ಇಡುವ ಕೆಲಸ. ತಟ್ಟೆ ಸಾಗಿ ಬರುತ್ತದೆ, ಎರಡು ಹೋಳು ಇಡಬೇಕು, ಮುಂದಕ್ಕೆ ತಳ್ಳಬೇಕು. ಅಷ್ಟೇ. ಅರ್ಧ ಗಂಟೆಯಲ್ಲಿ ನನ್ನ ಕೈ ಯಂತ್ರದ ಹಾಗೆ ಓಡುತ್ತಿತ್ತು, ಮುಖ ನೋಡುವುದನ್ನೇ ಬಿಟ್ಟಿದ್ದೆ. ಆಗ ಒಬ್ಬ ವಯಸ್ಸಾದವರು ತಟ್ಟೆ ಎತ್ತಿಕೊಳ್ಳದೆ ಹಾಗೇ ನಿಂತರು. ಹಲ್ಲಿಲ್ಲ, ಅಂಚಿನ ಗಟ್ಟಿ ಹೋಳು ಬೇಡ, ನಡುವಿನ ಮೆತ್ತಗಿನದು ಕೊಡಮ್ಮ ಅನ್ನುವ ಹಾಗೆ ಬೆರಳಲ್ಲಿ ತೋರಿಸಿದರು. ಬದಲಾಯಿಸಿ ಕೊಟ್ಟೆ. ಅವರು ಪೇಪರ್ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ತಲೆಬಾಗಿಸಿ ಹೋದರು. ಅವತ್ತಿಂದ ನಾನು ಬ್ರೆಡ್ ಇಡುವ ಮುಂಚೆ ಮುಖ ನೋಡುತ್ತೇನೆ.

ಹೊಸಬರಿಗೆ ಒಂದೇ ಕಿವಿಮಾತು. ಫೋಟೋ ತೆಗೆಯಬೇಡಿ. ಮಗುವಿನ ಹುಟ್ಟುಹಬ್ಬಕ್ಕೆ ಒಂದು ದಿನ ಬಡಿಸಿ ಚಿತ್ರ ಹಾಕಿಕೊಳ್ಳುವ ಆಸೆ ನಮ್ಮವರಲ್ಲಿ ಜಾಸ್ತಿ. ಸಾಲಿನಲ್ಲಿ ನಿಂತವರ ಜಾಗದಲ್ಲಿ ನಿಮ್ಮಣ್ಣನೋ ಅಪ್ಪನೋ ಇದ್ದಿದ್ದರೆ ಹೇಗನ್ನಿಸುತ್ತಿತ್ತು ಅಂತ ಯೋಚಿಸಿ. ಇನ್ನೊಂದು, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಹೊತ್ತಿಗೆ ಎಲ್ಲರೂ ಓಡಿ ಬರುತ್ತಾರೆ. ಫೆಬ್ರವರಿಯ ಮಂಗಳವಾರ ಬನ್ನಿ.

ಮಹಿಳೆಯರು ಗುರುಗಳಾಗಿ ಇರುತ್ತಾರಾ?

ಇರುತ್ತಾರೆ. ಅದು ಸಲೀಸಾಗಿ ಸಿಕ್ಕಿದ್ದಲ್ಲ. 1974ರ ಜುಲೈ 29ರಂದು ಫಿಲಡೆಲ್ಫಿಯಾದಲ್ಲಿ 11 ಮಂದಿ ಮಹಿಳೆಯರು, ಸಭೆಯ ಒಪ್ಪಿಗೆಗೆ ಕಾಯದೆ, ಗುರುದೀಕ್ಷೆ ಪಡೆದರು. ದೊಡ್ಡ ಗದ್ದಲವಾಯಿತು. ಎರಡು ವರ್ಷ ಕಳೆದು 1976ರಲ್ಲಿ ಸಭೆ ಒಪ್ಪಿತು. 1989ರಲ್ಲಿ ಬಾರ್ಬರಾ ಹ್ಯಾರಿಸ್ ಬಿಷಪ್ ಆದರು. ಇಡೀ ಆಂಗ್ಲಿಕನ್ ಬಳಗದಲ್ಲೇ ಮೊದಲ ಮಹಿಳಾ ಬಿಷಪ್ ಅವರು, ಕಪ್ಪು ಜನಾಂಗದವರು. ನಮ್ಮ ಸಿ.ಎಸ್.ಐ.ನಲ್ಲಿ 2013ರಲ್ಲಿ ನಂದ್ಯಾಲದ ಪುಷ್ಪಲಲಿತಾ ಅವರು ಬಿಷಪ್ ಆದಾಗ ನಾನು ಇಲ್ಲಿ ಕೂತು ಖುಷಿಪಟ್ಟಿದ್ದೆ.

ಹೋಲಿ ಅಪೋಸಲ್ಸ್‌ಗೂ ಈ ಕಥೆಯಲ್ಲಿ ಪಾಲಿದೆ. 1977ರ ಜನವರಿಯಲ್ಲಿ ನ್ಯೂಯಾರ್ಕಿನ ಬಿಷಪ್ ಪಾಲ್ ಮೂರ್ ಅವರು ಎಲೆನ್ ಬ್ಯಾರೆಟ್ ಅವರಿಗೆ ಗುರುದೀಕ್ಷೆ ಕೊಟ್ಟಿದ್ದು ಇಲ್ಲೇ. ತಾನು ಸಲಿಂಗಿ ಅಂತ ಮುಚ್ಚಿಡದೆ ಹೇಳಿಕೊಂಡಿದ್ದವರು ಅವರು. 2015ರಲ್ಲಿ ಎಪಿಸ್ಕೋಪಲ್ ಸಭೆ ಸಲಿಂಗಿಗಳ ಮದುವೆಗೂ ಒಪ್ಪಿತು. ನಮ್ಮ ಮನೆಗಳಲ್ಲಿ ಈ ವಿಷಯಕ್ಕೆ ಎಲ್ಲರೂ ಒಂದೇ ಥರ ಯೋಚಿಸುವುದಿಲ್ಲ, ಗೊತ್ತು. ನನ್ನ ಮನಸ್ಸು ಬದಲಾದದ್ದು ವಾದದಿಂದ ಅಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಮೇಜು ಒರೆಸಿದವರನ್ನು ಕಂಡು.

ವರ್ಷದಲ್ಲಿ ಯಾವ ದಿನ ಬಂದರೆ ಚೆನ್ನ?

ನನ್ನನ್ನು ಕೇಳಿದರೆ ಈಸ್ಟರ್ ಹಿಂದಿನ ರಾತ್ರಿ. ಎಪಿಸ್ಕೋಪಲ್ ಸಭೆಯಲ್ಲಿ ಇದನ್ನು ಬಹಳ ಚೆಂದ ಮಾಡುತ್ತಾರೆ. ದೀಪವೆಲ್ಲ ಆರಿರುತ್ತದೆ. ಹೊಸ ಬೆಂಕಿ ಹೊತ್ತಿಸಿ ಅದರಿಂದ ದೊಡ್ಡ ಮೇಣದ ಬತ್ತಿ ಹಚ್ಚುತ್ತಾರೆ. ಅಲ್ಲಿಂದ ನಿಮ್ಮ ಕೈಯ ಚಿಕ್ಕ ಬತ್ತಿಗೆ ಬೆಂಕಿ ಬರುತ್ತದೆ. ಕತ್ತಲಲ್ಲೇ ಸೃಷ್ಟಿಯ ಕಥೆ, ಕೆಂಪು ಸಮುದ್ರದ ಕಥೆ ಓದುತ್ತಾರೆ. ಆಮೇಲೆ ಒಮ್ಮೆಲೇ ದೀಪ, ಗಂಟೆ.

ಅದಕ್ಕೆ ಎರಡು ದಿನ ಮುಂಚೆ ಗುರುವಾರ, ಪಾದ ತೊಳೆಯುವ ಆರಾಧನೆ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿಯಲ್ಲಿ ಶಿಲುಬೆ ಎಳೆಯುತ್ತಾರೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನು ಮುಂದಿನ ವರ್ಷ ಸುಟ್ಟು ಆ ಬೂದಿ ಮಾಡುವುದು ವಾಡಿಕೆ. ಅಕ್ಟೋಬರ್ ಮೊದಲಲ್ಲಿ ಸಂತ ಫ್ರಾನ್ಸಿಸರ ಹಬ್ಬಕ್ಕೆ ನಾಯಿ ಬೆಕ್ಕುಗಳಿಗೂ ಆಶೀರ್ವಾದ ಸಿಗುತ್ತದೆ. ನಮ್ಮ ಸುಗ್ಗಿ ಹಬ್ಬ ಮಾತ್ರ ಇಲ್ಲ. ಆ ಹಬ್ಬಕ್ಕೆ ಊರ ದೇವಾಲಯದಲ್ಲಿ ಕುಂಬಳಕಾಯಿ ಹರಾಜು ಕೂಗುವುದನ್ನು ನಾನು ಇಲ್ಲಿ ನೆನೆಸಿಕೊಳ್ಳುತ್ತಲೇ ಇರುತ್ತೇನೆ.

ಸಭೆಯನ್ನು ನಡೆಸುವವರು ಯಾರು?

ಸಭೆಯ ಮುಖ್ಯ ಗುರುಗಳಿಗೆ ರೆಕ್ಟರ್ ಅನ್ನುತ್ತಾರೆ. ನಮ್ಮಲ್ಲಿ ಬಿಷಪ್ಪರು ಅಯ್ಯನವರನ್ನು, ಅಂದರೆ ಸಭೆಯ ಗುರುಗಳನ್ನು, ವರ್ಗ ಮಾಡುತ್ತಾರಲ್ಲ, ಹಾಗೆ ಇಲ್ಲಿ ಮಾಡುವುದಿಲ್ಲ. ಸಭೆಯವರು ಆರಿಸಿದ ವೆಸ್ಟ್ರಿ ಅನ್ನುವ ಸಮಿತಿ ಹುಡುಕಿ, ಮಾತಾಡಿ, ಬಿಷಪ್ಪರ ಒಪ್ಪಿಗೆಯೊಂದಿಗೆ ಕರೆಯುತ್ತದೆ. ಲೆಕ್ಕಪತ್ರವೂ ಆ ಸಮಿತಿಯದೇ. ಸದಸ್ಯರು ವರ್ಷಕ್ಕೆ ಇಷ್ಟು ಕೊಡುತ್ತೇವೆ ಅಂತ ಬರೆದುಕೊಡುವ ಪದ್ಧತಿ ಇದೆ, ಬಲವಂತ ಇಲ್ಲ.

ಮನೆಯಲ್ಲಿ ಕಾಯಿಲೆಯವರಿದ್ದರೆ? ಸಾವಾದರೆ?

ಆಫೀಸಿಗೆ ಫೋನ್ ಮಾಡಿ. ಇಷ್ಟನ್ನು ಹೇಳಲು ಸಂಕೋಚ ಬೇಡ. ಕಾಯಿಲೆಯವರಿಗೆ ಮನೆಗೇ, ಆಸ್ಪತ್ರೆಗೇ ಕರ್ತನ ಭೋಜನ ತಂದುಕೊಡುವುದು ಎಪಿಸ್ಕೋಪಲ್ ಸಭೆಗಳಲ್ಲಿ ರೂಢಿ. ಅದಕ್ಕೆ ತರಬೇತಿ ಪಡೆದ ಸಭಿಕರೂ ಇರುತ್ತಾರೆ. ನನ್ನ ತಾಯಿ ಊರಲ್ಲಿ ತೀರಿಕೊಂಡಾಗ ಟಿಕೆಟ್ ಸಿಗದೆ ನಾನು ಇಲ್ಲೇ ಉಳಿದೆ. ಆ ಭಾನುವಾರ ಪ್ರಾರ್ಥನೆಯಲ್ಲಿ ಅಮ್ಮನ ಹೆಸರು ಓದಿದರು. ಓದಿದವರು ಮುಂಚೆಯೇ ಬಂದು, ಆ ಹೆಸರನ್ನು ಹೇಗೆ ಹೇಳಬೇಕು ಅಂತ ಮೂರು ಸಲ ಕೇಳಿ ಕಲಿತಿದ್ದರು.

ಕನ್ನಡದಲ್ಲಿ ಆರಾಧನೆ ಇದೆಯಾ?

ಇಲ್ಲ. ಇಂಗ್ಲಿಷಿನಲ್ಲೇ. ಆದರೆ ಕರ್ತನ ಪ್ರಾರ್ಥನೆಯನ್ನು ನಿಮ್ಮ ಭಾಷೆಯಲ್ಲೇ ಹೇಳಬಹುದು, ಯಾರೂ ಬೇಡ ಅನ್ನುವುದಿಲ್ಲ. ನಾನು ಮೆಲ್ಲಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡುತ್ತೇನೆ. ಇಂಗ್ಲಿಷಿನವರು ಸ್ವಲ್ಪ ಬೇಗ ಮುಗಿಸುತ್ತಾರೆ, ನನ್ನದು ಒಂದು ಸಾಲು ಹಿಂದೆ ಉಳಿಯುತ್ತದೆ.

ಹೋಗುವುದು ಹೇಗೆ?

ಪೆನ್ ಸ್ಟೇಷನ್‌ನಲ್ಲಿ ಎಂಟನೇ ಅವೆನ್ಯೂ ಕಡೆ ಹೊರಗೆ ಬನ್ನಿ. ದಕ್ಷಿಣಕ್ಕೆ 28ನೇ ಬೀದಿಯವರೆಗೆ ನಡೆಯಿರಿ, ಬಲಕ್ಕೆ ತಿರುಗಿ. ಎತ್ತರದ ವಸತಿ ಕಟ್ಟಡಗಳನ್ನು ದಾಟಿದರೆ ಒಂಬತ್ತನೇ ಅವೆನ್ಯೂ ಮೂಲೆಯಲ್ಲಿ ದೇವಾಲಯದ ಮೊನೆಗೋಪುರ ಕಾಣುತ್ತದೆ. ಆರಾಧನೆಯ ಹೊತ್ತನ್ನು ಹೊರಡುವ ಮುಂಚೆ ಫೋನಿನಲ್ಲಿ ನೋಡಿಕೊಳ್ಳಿ, ಬೇಸಿಗೆಯಲ್ಲಿ ಬದಲಾಗಬಹುದು. ವಾರದ ದಿನ ಹೋದರೆ ಗೋಡೆಯ ಪಕ್ಕ ಸಾಲು ಕಾಣಬಹುದು. ಊಟಕ್ಕಾದರೆ ಅದರ ಕೊನೆಯಲ್ಲಿ ನಿಂತುಕೊಳ್ಳಿ. ಬಡಿಸಲಿಕ್ಕಾದರೆ, ಯಾರ ದಾರಿಗೂ ಅಡ್ಡ ಬರದ ಹಾಗೆ ಬಾಗಿಲಿಗೆ ಹೋಗಿ ಹೆಸರು ಹೇಳಿ.